ತಕ್ಕಡಿಯಣ್ಣ ಭಾಷಣ ತೂಗಿದ್ದು

ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ತಕ್ಕಡಿಯಣ್ಣನ ಕೆಲಸ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವನ ಕಣ್ಣು ಎಷ್ಟು ಪಳಗಿತ್ತೆಂದರೆ, ತಟ್ಟೆಯ ಮೇಲೆ ನೊಣ ಕೂತರೆ ಅದು ಊಟ ಮಾಡಿ ಬಂದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಕೆಲಸ ಸಿಕ್ಕಿದ್ದು ಮೀಸಲಾತಿಯಲ್ಲಿ. ಅದನ್ನು ಅವನು ಮುಚ್ಚಿಟ್ಟವನಲ್ಲ. ಮರೆಯಲು ಜನ ಬಿಟ್ಟವರೂ ಅಲ್ಲ.

ಒಂದು ದಿನ ಪುರಸಭೆಗೆ ಆದೇಶ ಬಂತು: ಮೀಸಲಾತಿಯ ಬಗ್ಗೆ ವೇದಿಕೆಯಲ್ಲಿ ಯಾರೇ ಮಾತಾಡಲಿ, ಆ ಮಾತು ನ್ಯಾಯವೋ ಅನ್ಯಾಯವೋ ಪರಿಶೀಲಿಸಿ ಮುದ್ರೆ ಒತ್ತತಕ್ಕದ್ದು. ಯಾರು ಒತ್ತಬೇಕೆಂದು ಬರೆದಿರಲಿಲ್ಲ. ಕಡತ ಹನ್ನೊಂದು ಮೇಜು ಸುತ್ತಿ, ನೆಲ ಒರೆಸುವ ಬಕೆಟ್ಟಿಗೂ ಎರಡು ಸಲ ಬಿದ್ದೆದ್ದು, ಕೊನೆಗೆ "ತೂಗೋದು ನಿಂದೇ ಕೆಲಸ ಅಲ್ವೇನಯ್ಯಾ" ಎಂದು ತಕ್ಕಡಿಯಣ್ಣನ ತಲೆಗೇ ಬಂತು.

ಮೊದಲ ಭಾಷಣವೇ ಪುರಸಭೆ ಅಧ್ಯಕ್ಷರದು: "ಮೀಸಲಾತೀಲಿ ಬಂದೋರೆಲ್ಲ ಪುಕ್ಕಟೆ ಕುರ್ಚಿ ಹತ್ತಿದೋರು." ನ್ಯಾಯವೆಂದು ಒತ್ತದಿದ್ದರೆ ಮುದ್ರೆ ಕಿತ್ತುಕೊಳ್ಳುವುದಾಗಿ ಹೇಳಿಕಳಿಸಿದ್ದರು.

"ಒತ್ತಿಬಿಡ್ರೀ," ಅಂದಳು ಹೆಂಡತಿ. "ಮುದ್ರೆ ಹೋದ್ರೆ ಮನೇಲಿ ಕೂತು ನನ್ನ ತೂಕ ನೋಡೋಕೆ ಶುರು ಮಾಡ್ತೀರಿ."

ತಕ್ಕಡಿಯಣ್ಣನಿಗೆ ಗೊತ್ತಿದ್ದ ಪರೀಕ್ಷೆ ಒಂದೇ. ಎಡತಟ್ಟೆಯದನ್ನು ಬಲಕ್ಕೆ, ಬಲತಟ್ಟೆಯದನ್ನು ಎಡಕ್ಕೆ ಇಡುವುದು. ಆಗಲೂ ಮುಳ್ಳು ನೆಟ್ಟಗೆ ನಿಂತರೆ ತಕ್ಕಡಿ ಸಾಚಾ. ಅಧ್ಯಕ್ಷರ ಕೋಣೆಗೆ ಹೋಗಿ, ಅವರ ಮಾತನ್ನೇ ತಟ್ಟೆ ಬದಲಿಸಿ ಬರೆದುಕೊಟ್ಟ.

"ಇದನ್ನೊಂದು ಸಲ ಓದಿ ಸ್ವಾಮಿ."

"ಅಪ್ಪನ ಹೆಸರಲ್ಲಿ ಬಂದೋರೆಲ್ಲ ಪುಕ್ಕಟೆ ಕುರ್ಚಿ..." ಅಧ್ಯಕ್ಷರು ಅಲ್ಲಿಗೇ ನಿಂತರು. ಆ ಕುರ್ಚಿಯಲ್ಲಿ ಮೊದಲು ಅವರಪ್ಪ, ಅದಕ್ಕೂ ಮೊದಲು ಅಜ್ಜ ಕೂತಿದ್ದರು. ಮೂರು ತಲೆಮಾರಿನ ಭಾರಕ್ಕೆ ಅದರ ಕಾಲುಗಳು ನೆಲದಲ್ಲಿ ಬೇರು ಬಿಟ್ಟಿದ್ದವು. ಅಧ್ಯಕ್ಷರು ಕೆಮ್ಮಿದ ರಭಸಕ್ಕೆ ಪಕ್ಕದ ಬೀದಿಯಲ್ಲಿ ಹರವಿದ್ದ ಬಟ್ಟೆಯೆಲ್ಲ ಒಣಗಿತು.

"ನಿನ್ನ ತಕ್ಕಡೀನೇ ವಾರೆ ಕಣಯ್ಯ! ನೀನೂ ಮೀಸಲಾತಿಯೋನೇ ಅಲ್ವಾ?"

"ಅದೂ ಸರಿ. ಮೊದಲು ನಂದೇ ನೋಡೋಣ."

ಅಂದು ಬೆಳಿಗ್ಗೆ ಟೀ ಅಂಗಡಿಯಲ್ಲಿ ನಾಲ್ಕು ಜನರೆದುರು ತಾನೇ ಅಂದಿದ್ದನ್ನು ಚೀಟಿಯಲ್ಲಿ ಬರೆದ: 'ದೊಡ್ಡ ಮನೆಯೋರೆಲ್ಲ ಕಳ್ಳರು.' ತಟ್ಟೆ ಬದಲಿಸಿದ: 'ಮೀಸಲಾತಿಯೋರೆಲ್ಲ ಕಳ್ಳರು.' ಓದಲು ಹೋದರೆ ನಾಲಿಗೆ ಏಳಲಿಲ್ಲ. ಕೆಟ್ಟ ತಕ್ಕಡಿಗೆ ಒತ್ತುವ 'ತೂಕ ತಪ್ಪು' ಮುದ್ರೆ ತೆಗೆದು ಮೊದಲು ತನ್ನ ಚೀಟಿಗೆ ಒತ್ತಿದ. ಶಾಯಿ ಆರುವ ಮೊದಲೇ ಅಧ್ಯಕ್ಷರ ಭಾಷಣಕ್ಕೂ ಒತ್ತಿದ.

ತನಗೆ ತಾನೇ ಒತ್ತಿಕೊಂಡವನನ್ನು ಪಕ್ಷಪಾತಿ ಅನ್ನುವುದು ಹೇಗೆ? ಮುದ್ರೆ ಕಿತ್ತುಕೊಳ್ಳಲು ಚಾಚಿದ ಕೈಯಿಂದ ಅಧ್ಯಕ್ಷರು ತಲೆ ಕೆರೆದುಕೊಂಡರು. ಮರುದಿನ ಹೊಸ ಆದೇಶ ಹೊರಟಿತು: ಭಾಷಣಗಳು ತೀರಾ ಬಿಸಿಯಾಗಿರುವುದರಿಂದ ಇನ್ನು ಮುಂದೆ ಅವು ಅಗ್ನಿಶಾಮಕ ದಳದ ವಶಕ್ಕೆ.

ತಕ್ಕಡಿಯಣ್ಣ ಮುದ್ರೆ ಜೇಬಿಗಿಟ್ಟು ಆಲೂಗಡ್ಡೆ ಅಂಗಡಿಗಳತ್ತ ಹೊರಟ. ದಾರಿಯಲ್ಲಿ ಟೀ ಅಂಗಡಿಗೆ ನುಗ್ಗಿ, ಆ ನಾಲ್ವರಿಗೂ ಚೀಟಿ ತೋರಿಸಿದ.

"ನಿನ್ನೆ ಅಂದಿದ್ನಲ್ಲ, ಅದು ನಪಾಸಾಯ್ತು ಕಣ್ರಪ್ಪಾ. ಮರೆತುಬಿಡಿ."