ಬೆಕ್ಕಿನ ಏಕಾದಶಿ

ಸಿಂದಗಿಯ ನಮ್ಮ ಮನೆಯಲ್ಲಿ ಈಗ ಇಬ್ಬರಿಗೆ ಇನ್ಸುಲಿನ್. ಒಬ್ಬರು ನನ್ನ ಅತ್ತೆ, ಇನ್ನೊಂದು ಬೆಕ್ಕು.

ಬೆಕ್ಕನ್ನು ಮರಿಯಿದ್ದಾಗ ಮೋರಟಗಿಯಿಂದ ಕೈಚೀಲದಲ್ಲಿ ತಂದವರು ನನ್ನ ಯಜಮಾನರು. ಬಿಳಿ ಹಣೆಯ ನಡುವೆ, ಮಠದ ಆಚಾರ್ಯರು ಅಂಗಾರ ಹಚ್ಚಿದಂತೆ ಒಂದು ಕಪ್ಪು ಗೆರೆ. ಅದಕ್ಕೇ ಅದನ್ನು 'ಆಚಾರ್ರು' ಎನ್ನುತ್ತಿದ್ದರು. ದಿನವೂ ಹಾಲು-ಭಕ್ರಿ, ಏಕಾದಶಿಗೆ ಮಾತ್ರ ಸಾಬೂದಾನಿ ಖಿಚಡಿ. "ನಮ್ಮ ಆಚಾರ್ರು ಏಕಾದಶಿ ಬಿಡಂಗಿಲ್ರಿ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಬೆಕ್ಕು ಬಹಳ ದಿನ ಅವರ ಚಪ್ಪಲಿಯ ಮೇಲೆಯೇ ಮಲಗಿತು. ಆಮೇಲೆ ಒಂದೇ ಸಮ ನೀರು ಕುಡಿಯತೊಡಗಿತು, ಸೊರಗಿತು. ಇದೂ ಹೋದರೆ ಅವರು ಸಾಕಿದ್ದೇನೂ ಮನೆಯಲ್ಲಿ ಉಳಿಯುವುದಿಲ್ಲವೆಂದು ನನಗೆ ಭಯವಾಯಿತು.

ದನದ ದವಾಖಾನೆಯ ಡಾಕ್ಟರು ಕಿವಿಯ ಅಂಚಿಗೆ ಚುಚ್ಚಿ ರಕ್ತ ನೋಡಿದರು. "ಸಕ್ಕರಿ ರೋಗ ಐತ್ರಿ ಅಕ್ಕಾರ. ಹಾಲು-ರೊಟ್ಟಿ ಬಂದ್ ಮಾಡ್ರಿ. ತತ್ತಿ, ಕೋಳಿ ಹಾಕ್ರಿ. ಮುಂಜಾನಿ, ಸಂಜಿ ತಿಂದ ಮ್ಯಾಲ ಇಂಜೆಕ್ಷನ್."

ತತ್ತಿ ಇರಲಿ, ಮೊಟ್ಟೆಯ ಚಿಪ್ಪೂ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ಮಡಿಯ ಅತ್ತೆಗೆ ಅಂಜುತ್ತಲೇ ಹೇಳಿದೆ. ಅವರು ನಕ್ಕುಬಿಟ್ಟರು.

"ಸಕ್ಕರಿ ನಮ್ಮ ಮನಿತನದ ಆಸ್ತಿ. ನನ್ನ ಮಗ ಇದಕ್ಕೂ ಪಾಲು ಕೊಟ್ಟು ಹೋಗ್ಯಾನ. ಹಿತ್ತಲದಾಗ ಕುದಿಸು ಹೋಗು. ಬೆಕ್ಕಿಗೆಲ್ಲಿ ಮೈಲಿಗಿ?"

ಬೆಕ್ಕು ತಿಂದ ಮೇಲೆ ಅತ್ತೆ ಅದನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವರು. ನಾನು ಹೆಗಲ ಚರ್ಮ ಎತ್ತಿ ಹಿಡಿದು ಚುಚ್ಚುವೆ. ಆಮೇಲೆ ಅತ್ತೆಯ ಸರದಿ. "ನೋಡಲೇ, ನಾ ಏನರ ಮಿಯಾಂವ್ ಅಂದ್ನೇನು?" ಎಂದು ಬೆಕ್ಕಿಗೆ ಬುದ್ಧಿ ಹೇಳುವರು. ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ನಗು ಕೇಳಿಸಿತು.

ಅಷ್ಟರಲ್ಲಿ ಏಕಾದಶಿ ಬಂತು. ಯಜಮಾನರ ನೆನಪಿಗೆಂದು ಅಂದು ತತ್ತಿ ಬಿಟ್ಟು ಸಾಬೂದಾನಿ ಹಾಕಿದೆ. ತಟ್ಟೆ ನೋಡದೆ, ತಿಂದಿರಬೇಕೆಂದುಕೊಂಡು ಇಂಜೆಕ್ಷನ್ನೂ ಕೊಟ್ಟೆ. ತತ್ತಿಯ ರುಚಿ ಹತ್ತಿದ ಬೆಕ್ಕು ಖಿಚಡಿಯನ್ನು ಮೂಸಿಯೂ ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲು ತೊಡರಿ ಬಿದ್ದಿತು.

ಫೋನಿನಲ್ಲಿ ಡಾಕ್ಟರು, "ಸಕ್ಕರಿ ಇಳದೈತ್ರಿ. ಜೇನುತುಪ್ಪ ವಸಡಿಗೆ ಹಚ್ರಿ. ಎದ್ದ ಕೂಡ್ಲೆ ತಿನಸ್ರಿ, ಆಮ್ಯಾಲ ಕರ್ಕೊಂಡ ಬರ್ರಿ" ಎಂದರು. ಅತ್ತೆ ಮಡಿಸೀರೆಯಲ್ಲೇ ದೇವರ ಕೋಣೆಗೆ ಓಡಿ ಅಭಿಷೇಕದ ಜೇನು ತಂದು, ಬೆರಳಿನಿಂದ ಅದರ ವಸಡಿಗೆ ಸವರಿದರು. ಬೆಕ್ಕು ಮೆಲ್ಲಗೆ ತಲೆಯೆತ್ತಿ ಅತ್ತೆಯ ಬೆರಳು ನೆಕ್ಕಿತು.

"ತತ್ತಿ ಕುದಿಸು" ಎಂದರು ಅತ್ತೆ.

"ಇವತ್ತ ಏಕಾದಶಿ ಅಲ್ರಿ?"

"ಇದರ ಏಕಾದಶಿ ಮುಗೀತು. ಹೋಗ ಲಗೂನ!"

ಇನ್ಸುಲಿನ್ ಇದ್ದರೆ ಉಪವಾಸ ಕೂಡದೆಂದು ದವಾಖಾನೆಯಲ್ಲಿ ಡಾಕ್ಟರು ಎಚ್ಚರಿಸಿದರು. ಬರುವಾಗ ಬೆಕ್ಕು ಕೈಚೀಲದಿಂದ ತಲೆ ಹೊರಗೆ ಹಾಕಿ ಬಜಾರವನ್ನೆಲ್ಲ ನೋಡಿತು. ಮಗ ಹೋದ ಮೇಲೆ ಅತ್ತೆ ಏಕಾದಶಿಗೆ ನೀರನ್ನೂ ಮುಟ್ಟುತ್ತಿರಲಿಲ್ಲ. ಅಂದು ಮನೆಗೆ ಬಂದ ಮೇಲೆ ನನಗೆ ಧೈರ್ಯ ಬಂತು.

"ಇನ್ಸುಲಿನ್ ತೊಗೊಳ್ಳೋರಿಗೆ ಉಪವಾಸ ಇಲ್ಲ ಅಂದ್ರ, ನಿಮಗೂ ಇಲ್ಲಲ್ರಿ?"

ಅತ್ತೆ ನನ್ನನ್ನೇ ನೋಡಿದರು. "ಥೇಟ್ ನಿನ್ನ ಗಂಡನಂಗ ವಾದಾ ಮಾಡ್ತಿ ನೋಡು" ಎಂದರು. ಆಮೇಲೆ ಮಡಿಲಲ್ಲಿ ಗುರುಗುಡುತ್ತಿದ್ದ ಬೆಕ್ಕಿನ ಹಣೆ ಸವರಿ ನಕ್ಕರು.

"ಆತು, ಆಚಾರ್ರ ಅಪ್ಪಣಿ ಆಗ್ಯದ. ಒಂದು ವಾಟಗಾ ಹಾಲು ತಾ."