ಸ್ಕೂಟರ್ ಸೀಟು ಹರಿದು ಸಂಬಂಧ ಉಳಿಯಿತು

ಗೆಳತಿಯರೇ, ಇವತ್ತು ಮಗಳ ಸಂಬಂಧ ನನ್ನ ಕೈಯಿಂದಲೇ ತಪ್ಪುವುದಿತ್ತು. ಅವಳನ್ನು ನೋಡಲು ಅಫಜಲಪುರದಿಂದ ವರನ ತಂದೆ ಹೊಸ ಸ್ಕೂಟರ್ ಮೇಲೆ ಬಂದಿದ್ದರು. ಅವರು ಊಟಕ್ಕೆ ಕೂತಾಗ, ನೀರು ತಂದ ನಾನು ಬಾಗಿಲು ತೆರೆಯಲೆಂದು ಕೊಡವನ್ನು ಅಂಗಳದಲ್ಲಿ ನಿಂತಿದ್ದ ಆ ಸ್ಕೂಟರ್ ಸೀಟಿನ ಮೇಲಿಟ್ಟೆ. ಕೊಡದ ತಳದಲ್ಲಿ ಎದ್ದಿದ್ದ ತಗಡು ಚುಚ್ಚಿ ರೆಕ್ಸಿನ್ ಬೆರಳುದ್ದ ಹರಿಯಿತು.

ದಬ್ಬಣ ತಂದು ಹೊಲಿಯಲು ಹೊರಟೆ. ಎದುರುಮನೆಯ ಸೈಕಲ್ ರಿಪೇರಿ ಮೈಬೂಬ ಓಡಿ ಬಂದ.

"ಅಕ್ಕಾ, ಇದೇನ್ ಕೌದಿ ಅಂತ ತಿಳ್ದೀರೇನ್ರಿ? ಚುಚ್ಚಿದ್ರ ಮತ್ತಷ್ಟು ಹರೀತದ."

ಹಳೆಯ ಟ್ಯೂಬಿನ ತುಂಡನ್ನು ಹರಕಿನೊಳಗೆ ತೂರಿಸಿ, ಪಂಕ್ಚರ್ ಸೊಲ್ಯೂಷನ್ ಹಚ್ಚಿ ಒತ್ತಿ ಹಿಡಿದ. ಸಣ್ಣ ಗೆರೆಯಷ್ಟೇ ಉಳಿಯಿತು.

"ಸುಮ್ನಿರು, ಅವ್ರಿಗೇನ್ ಕಾಣ್ತದ?" ಎಂದರು ನಮ್ಮ ಯಜಮಾನರು. ಕೊರಳಲ್ಲಿ ಲಿಂಗ ಇಟ್ಟುಕೊಂಡು ಸುಮ್ಮನಿರಲು ಆಗಲಿಲ್ಲ. ಬೀಗರು ಹೊರಟಾಗ ಹೇಳಿಬಿಟ್ಟೆ.

ಅವರು ಸೀಟು ಸವರಿ ನೋಡಿ ದೊಡ್ಡ ಉಸಿರು ಬಿಟ್ಟರು. "ಛಲೋ ಆತ್ರಿ ಅಕ್ಕಾರ, ನೀವ ಖರೇ ಹೇಳಿದ್ರಿ. ಗಾಡಿ ನಂದಲ್ರಿ, ಗೆಳ್ಯಾಂದು. ನಿಮ್ಗ ಹೆಂಗ್ ಹೇಳ್ಲಿ ಅಂತ ಮುಂಜಾನಿಂದ ಕುಂತಿದ್ದೆ."

ನನಗೂ ಧೈರ್ಯ ಬಂತು. "ನೀವು ಕುಂತಿದ್ದ ಕುರ್ಚಿ ಪಕ್ಕದ ಮನೀದ್ರಿ, ಬೆಳ್ಳಿ ಲೋಟಾನೂ ಅವ್ರದ. ಹುಡುಗಿ ಅಷ್ಟೇ ನಮ್ಮಾಕಿ."

ನಗುತ್ತಲೇ ಸಂಬಂಧ ಒಪ್ಪಿ ಹೋದರು.

ಪಕ್ಕದ ಮನೆಗೆ ಕುರ್ಚಿ ಮರಳಿಸುವಾಗ ಮಾತ್ರ, ಅದರ ಸೀಟೂ ಹರಿದಿಲ್ಲವಲ್ಲ ಎಂದು ಎರಡು ಸಲ ಸವರಿ ನೋಡಿದೆ.