ಕಾಂದೆಲಾರಿಯಾಳ ಕಡಿಯದ ಕೂಗು

ಎಲ್ ಪಾಲೊ ಕೇರಿಗೆ ಹೋಗಿ ಕಾಂದೆಲಾರಿಯಾ ರುವಾನೊ ಯಾರು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ‘ಅರಸೇಲಿಯ ಬಾಯಿ’ ಎನ್ನಿ, ಮಾಲಗಾ ಕಡಲಂಚಿನ ಕಿವುಡನೂ ಅವಳ ಒಲೆಯ ಕಡೆ ಕೈ ತೋರಿಸುತ್ತಾನೆ. ಅರಸೇಲಿ ಒಂದು ದೋಣಿ. ಒಂದು ಬದಿಗೆ ನಾಲ್ಕು, ಇನ್ನೊಂದು ಬದಿಗೆ ಮೂರು, ಒಟ್ಟು ಏಳು ಹುಟ್ಟು. ಮೂತಿಯ ಎರಡೂ ಕಡೆ ಬಣ್ಣದಲ್ಲಿ ಬರೆದ ಕಣ್ಣು. ಹಿಂದೆ ಬಲೆಗೆ ಹೋಗುತ್ತಿತ್ತು, ಈಗ ಪಂದ್ಯಕ್ಕೆ ಮಾತ್ರ ನೀರಿಗಿಳಿಯುತ್ತದೆ. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುವುದರಿಂದ ಅವರಿಗೆ ಎದುರಿಗೆ ಕಾಣುವುದು ದೋಣಿಯ ಹಿಂತುದಿಯಲ್ಲಿ ಚುಕ್ಕಾಣಿ ಹಿಡಿದು ಕೂಗುವವರ ಮುಖ ಒಂದೇ. ಹತ್ತೊಂಬತ್ತು ವರ್ಷದಿಂದ ಆ ಮುಖ ಕಾಂದೆಲಾರಿಯಾಳದು.

ಮೊದಲು ಅದು ಅವಳ ಅಪ್ಪನ ಜಾಗವಾಗಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅಪ್ಪನ ದನಿ ಹೋದ ವರ್ಷ, ಮರಳಿನಲ್ಲಿ ಬೆತ್ತದ ಕಡ್ಡಿಗೆ ಸಾರ್ಡೀನ್ ಮೀನು ಪೋಣಿಸಿ ಸುಡುತ್ತಿದ್ದ ಮಗಳು ಕೈ ಒರೆಸಿಕೊಂಡು ಬಂದು ದೋಣಿ ಹತ್ತಿದಳು. ಹೆಂಗಸು ಹತ್ತಿದರೆ ಗಾಳಿ ತಿರುಗುತ್ತದೆ ಎಂದು ಒಬ್ಬ ಗೊಣಗಿದ. ಮೊದಲ ಹುಟ್ಟಿನ ಫ್ರಾಸ್ಕೊ ಬಿಡಲಿಲ್ಲ. “ಗಾಳಿಗೆ ಅಷ್ಟೊಂದು ಬುದ್ಧಿ ಇದ್ದಿದ್ರೆ ನಿನ್ನ ಮುಖ ನೋಡಿ ಯಾವತ್ತೋ ಊರು ಬಿಡ್ತಿತ್ತು, ಕೂತ್ಕೊ” ಎಂದ. ಆ ಗೊಣಗಿದವನು ಈಗಲೂ ನಾಲ್ಕನೇ ಹುಟ್ಟಿನಲ್ಲಿದ್ದಾನೆ.

ಇನ್ನು ಆ ಕೂಗಿನ ಮಾತು. ಅಲ್ಲಿಯವರ ಸ್ಪ್ಯಾನಿಷ್ ನಾಲಿಗೆಯೇ ಹಾಗೆ, ಪದ ಮತ್ತು ಪದದ ನಡುವೆ ಬೇಲಿ ಹಾಕುವುದಿಲ್ಲ. ಒಂದರ ಬಾಲದ ಸ್ವರ ಮುಂದಿನದರ ತಲೆಯ ಸ್ವರದಲ್ಲಿ ಕರಗುತ್ತದೆ. ಕೊನೆಗೆ ವ್ಯಂಜನ ಉಳಿದರೆ ಅದು ತನ್ನ ಮನೆ ಬಿಟ್ಟು ಪಕ್ಕದ ಪದದ ಜಗುಲಿಗೆ ಹೋಗಿ ಕೂರುತ್ತದೆ. ಕಾಗದದಲ್ಲಿ ಬರೆದರೆ ‘ಆ ಉನಾ, ಆಲಾ ಆಲ್ ಆಗ್ವಾ, ಇ ಆ ಓತ್ರಾ’. ಎಲ್ಲ ಒಟ್ಟಿಗೆ, ಎಳೆಯಿರಿ ನೀರಿಗೆ, ಮತ್ತೊಂದು, ಅಷ್ಟೇ ಅರ್ಥ. ಕಾಂದೆಲಾರಿಯಾಳ ಬಾಯಲ್ಲಿ ಅದು ‘ಔನಾಲಾಲಾಗ್ವಾಯಾವೋತ್ರಾ’. ಕೊನೆಯ ಆಕಾರ ಮತ್ತೆ ಮೊದಲಿನ ಔಕಾರಕ್ಕೆ ಕೊಂಡಿ ಹಾಕಿಕೊಳ್ಳುವುದರಿಂದ ಅದಕ್ಕೆ ಮುಗಿಯುವುದೇ ಗೊತ್ತಿಲ್ಲ. ಅವಳು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾಳೆ ಎಂದು ಪತ್ತೆ ಮಾಡಲು ಹೋದವರು ಪಂದ್ಯವನ್ನೇ ನೋಡದೆ ಮನೆಗೆ ಹೋಗಿದ್ದುಂಟು. ಶಾಲೆಯ ಸನ್ಯಾಸಿನಿಯರು ಬಿಡಿಸಿ ಮಾತಾಡು ಎಂದು ಬೆರಳಿಗೆ ಬಾರಿಸಿದ್ದರು. ಬೆರಳು ಊದಿಕೊಂಡಿತು, ನಾಲಿಗೆ ಬದಲಾಗಲಿಲ್ಲ.

ಎರಡು ವರ್ಷ ಸತತವಾಗಿ ಪಕ್ಕದ ಕೇರಿಯ ದೋಣಿಗೆ ಸೋತ ಮೇಲೆ ದೋಣಿಯ ಸಂಘದವರು ಉತ್ತರದಲ್ಲಿ ಪಂದ್ಯ ಗೆಲ್ಲಿಸಿ ಹೆಸರಾಗಿದ್ದ ಅನ್ಸೊರೇನಾ ಎಂಬ ತರಬೇತುದಾರನನ್ನು ಕರೆಸಿದರು. ಕೆಟ್ಟ ಮನುಷ್ಯನಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ದೋಣಿಯ ತಳ ಉಜ್ಜುತ್ತಿದ್ದ. ಆದರೆ ಕಾಂದೆಲಾರಿಯಾಳ ಕೂಗು ಅವನಿಗೆ ಗದ್ದಲವಾಗಿ ಕೇಳಿಸಿತು. ಒಂದೊಂದು ಪದವೂ ಮೊಳೆ ಹೊಡೆದಂತೆ ಬೇರೆಬೇರೆ ಬೀಳಬೇಕು ಎಂದು ಹೇಳಿ, ಪದಗಳ ನಡುವೆ ಗೆರೆ ಎಳೆದ ಒಂದು ಚೀಟಿ ಕೊಟ್ಟ. ಮೀನುಗಾರರನ್ನು ಕಾಯುವ ಕಾರ್ಮೆನ್ ಮಾತೆಯ ಹಬ್ಬಕ್ಕೆ ಮೂರು ದಿನ ಮೊದಲು ಪರೀಕ್ಷೆಯ ಓಟ. ಅದರಲ್ಲಿ ಸರಿಹೋಗದಿದ್ದರೆ ಹಬ್ಬದ ಪಂದ್ಯಕ್ಕೆ ಚುಕ್ಕಾಣಿ ಬೇರೆಯವರ ಕೈಗೆ ಎಂದು ಸಂಘ ತೀರ್ಮಾನಿಸಿತು.

ಅವಳಿಗೆ ಸಿಟ್ಟು ಬಂತು. ಆದರೂ ಗೆದ್ದು ಬಂದವನು ಹೇಳುತ್ತಿದ್ದಾನೆ, ದೋಣಿಗೆ ಒಳ್ಳೆಯದಾಗುವುದಾದರೆ ಆಗಲಿ ಎಂದುಕೊಂಡು ಮೂರು ವಾರ ಒಲೆಯ ಮುಂದೆ ಚೀಟಿ ಉರುಹೊಡೆದಳು. ಅವಳ ಮಾತು ಕೇಳಿ ಗಿರಾಕಿಗಳು ಹಲ್ಲುನೋವೇ ಎಂದು ವಿಚಾರಿಸಿದರು.

ಪರೀಕ್ಷೆಯ ದಿನ ಆದದ್ದನ್ನು ಕೇರಿ ಇನ್ನೂ ಮರೆತಿಲ್ಲ. ‘ಆ’ ಎಂದಳು, ನಿಲ್ಲಿಸಿದಳು. ಏಳೂ ಹುಟ್ಟು ಗಾಳಿಗೆ ಎದ್ದವು. ‘ಉನಾ’ ಎಂದಳು, ಬಿದ್ದವು, ಮತ್ತೆ ಎದ್ದವು. ಬಿಕ್ಕಳಿಕೆ ಹತ್ತಿದ ಕತ್ತೆಯ ಹಾಗೆ ಅರಸೇಲಿ ಮುಗ್ಗರಿಸಿತು. ಮೂರನೇ ಹುಟ್ಟು ಫ್ರಾಸ್ಕೊನ ಪಕ್ಕೆಗೆ ಬಡಿಯಿತು. ದಡದಲ್ಲಿ ನಗು. ಬೇಕೆಂದು ಮಾಡಿದ್ದಲ್ಲ ಎಂದು ಏಳೂ ಜನ ಆಣೆ ಇಟ್ಟರು, ಅದು ನಿಜವೂ ಹೌದು. ಬಲೆಯ ಕಾಲದಿಂದ ಆ ದೋಣಿಯಲ್ಲಿ ಕೂಗು ನಿಂತಿತು ಎಂದರೆ ಅಪಾಯ ಎಂದರ್ಥ: ಬಲೆ ಸಿಕ್ಕಿಕೊಂಡಿದೆ, ಇಲ್ಲವೇ ಮನುಷ್ಯ ನೀರಿಗೆ ಬಿದ್ದಿದ್ದಾನೆ, ತಕ್ಷಣ ಹುಟ್ಟು ಎತ್ತಬೇಕು. ಅಜ್ಜಂದಿರಿಂದ ಇಳಿದು ಬಂದ ಈ ಕಟ್ಟಳೆ ಅವರ ತೋಳಿನಲ್ಲಿತ್ತು, ತಲೆಯಲ್ಲಿರಲಿಲ್ಲ. ಹಾಗಾಗಿ ಕೇಳಿದಾಗ ಯಾರಿಗೂ ಬಾಯಿಬಿಟ್ಟು ಹೇಳಲು ಬರಲಿಲ್ಲ.

ಸಂಘದ ಅಧ್ಯಕ್ಷರು ಕೆಮ್ಮಿ, ವಯಸ್ಸು ಎಲ್ಲರಿಗೂ ಆಗುತ್ತದೆ ಎಂದು ಶುರುಮಾಡಿದರು. ಕಾಂದೆಲಾರಿಯಾ ಅವರ ಕಡೆ ನೋಡಲೂ ಇಲ್ಲ. ಚೀಟಿಯನ್ನು ಮಡಿಸಿ ಅನ್ಸೊರೇನಾನ ಅಂಗಿಯ ಜೇಬಿಗೆ ತುರುಕಿದಳು.

“ಇಷ್ಟು ದಿನ ನಿಮ್ಮ ಮಾತು ನಾ ಕೇಳ್ದೆ. ಈಗ ಒಂದು ಸುತ್ತು ನನ್ನ ಮಾತು ನೀವು ಕೇಳಿ. ದಡದಲ್ಲಿ ನಿಂತಲ್ಲ. ಫ್ರಾಸ್ಕೊಗೆ ಪೆಟ್ಟಾಗಿದೆ, ಅವನ ಹುಟ್ಟು ಹಿಡೀರಿ.”

“ನಾನು ಈ ದೋಣಿಯಲ್ಲಿ ಯಾವತ್ತೂ ಕೂತಿಲ್ಲ ಅಮ್ಮ.”

“ಗೊತ್ತು. ಅದಕ್ಕೇ ಕರೀತಿರೋದು. ದೋಣಿ ಮತ್ತೆ ಮುಗ್ಗರಿಸಿದ್ರೆ ಚುಕ್ಕಾಣಿ ನಾನೇ ಬಿಚ್ಚಿ ಕೊಡ್ತೀನಿ.”

ಅವನು ಪ್ಯಾಂಟು ಮಡಿಸಿ ಹತ್ತಿದ. ಹತ್ತೊಂಬತ್ತು ವರ್ಷದ ಜಾಗ ಈ ಒಂದೇ ಸುತ್ತಿನ ಮೇಲೆ ನಿಂತಿತ್ತು. ಅವಳು ಚುಕ್ಕಾಣಿ ಹಿಡಿದು ಅವನ ಎದುರಿಗೆ ಕೂತಳು. ‘ಔನಾಲಾ’ ಹೊರಟಿತು, ದೋಣಿಯೂ ಹೊರಟಿತು. ಮೊದಲ ಹತ್ತು ಎಳೆತ ಅನ್ಸೊರೇನಾ ಮನಸ್ಸಿನಲ್ಲೇ ಎಣಿಸುತ್ತ ಎಲ್ಲರಿಗಿಂತ ಹಿಂದೆ ಬಿದ್ದ. ಆಮೇಲೆ ಎಣಿಕೆ ತಪ್ಪಿತು. ತಪ್ಪಿದ ಮೇಲೆ ಅವನ ಹುಟ್ಟು ಉಳಿದ ಆರರ ಜೊತೆ ಸೇರಿಕೊಂಡಿತು. ತೋಳನ್ನು ಯಾರೋ ಕೆಳಗಿನಿಂದ ಹಿಡಿದು ನಡೆಸಿದ ಹಾಗಿತ್ತು ಎಂದು ಅವನೇ ಮುಂದೆ ಹೇಳಿಕೊಂಡ. ಬಾವುಟದ ತೇಲುಗುಂಡನ್ನು ಸುತ್ತುವಾಗ ಒಂದು ಬದಿ ಮುಂದಕ್ಕೆ, ಇನ್ನೊಂದು ಬದಿ ಹಿಂದಕ್ಕೆ ಎಳೆಯಬೇಕು. ಆ ತಿರುವಿನಲ್ಲೂ ಕೂಗಿನ ಎಳೆ ಕಡಿಯಲಿಲ್ಲ.

ಹಿಂದಿರುಗುವ ಅರ್ಧ ದಾರಿಯಲ್ಲಿ ಅವಳ ಕೂಗು ಥಟ್ಟನೆ ನಿಂತಿತು.

ನೀರಿನೊಳಗೆ ಒಂದು ಗೇಣು ಕೆಳಗೆ, ಯಾರೋ ಆಕ್ಟೋಪಸ್ ಹಿಡಿಯಲು ಮಡಕೆ ಕಟ್ಟಿ ಬಿಟ್ಟಿದ್ದ ಹಗ್ಗ ಅಡ್ಡ ಬಂದಿತ್ತು. ಅವಳು ಉದ್ದ ಹುಟ್ಟಿನಂಥ ಚುಕ್ಕಾಣಿಯನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಹಗ್ಗ ತಳಕ್ಕೆ ಉಜ್ಜಿಕೊಂಡು ಹಿಂದೆ ಸರಿಯಿತು. ಒಂದು ಹುಟ್ಟು ನೀರಿನಲ್ಲಿದ್ದಿದ್ದರೂ ಸಿಕ್ಕಿಕೊಂಡು ಮುರಿಯುತ್ತಿತ್ತು, ಹಿಡಿದವನ ದವಡೆಯ ಜೊತೆಗೆ. ನೀರಿನಲ್ಲಿ ಒಂದೂ ಇರಲಿಲ್ಲ. ಅನ್ಸೊರೇನಾ ತನ್ನ ಕೈಯನ್ನೇ ನೋಡುತ್ತ ಕೂತ. ಅವಳು ಮತ್ತೆ ಕೂಗು ಎತ್ತಿಕೊಂಡಳು, ದೋಣಿ ಹೊರಟಿತು.

ದಡದಲ್ಲಿ ಅಧ್ಯಕ್ಷರು ಗಡಿಯಾರ ಹಿಡಿದು ಕಾಯುತ್ತಿದ್ದರು. ಸಮಯ ಎಷ್ಟಾಯಿತೆಂದು ಹೇಳಲು ಬಾಯಿ ತೆರೆದರು. ಸೊಂಟದವರೆಗೆ ಒದ್ದೆಯಾಗಿದ್ದ ಅನ್ಸೊರೇನಾ ಅದು ಬೇಡ ಎಂದು ಕೈಯಾಡಿಸಿದ.

“ಇವರು ಕೂಗು ನಿಲ್ಲಿಸಿದ್ರು, ಅಷ್ಟರಲ್ಲೇ ನನ್ನ ಹುಟ್ಟೂ ಎದ್ದಿತ್ತು. ನಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ ಸ್ವಾಮಿ. ಇಪ್ಪತ್ತು ವರ್ಷ ನಾನು ಹುಡುಗರಿಗೆ ಕಿರುಚಿ ಕಿರುಚಿ ಕಲಿಸಿದ್ದನ್ನ ಇವರು ಒಂದು ಸುತ್ತಲ್ಲಿ ನನ್ನ ಕೈಗೆ ಹಾಕಿದ್ರು.”

ಫ್ರಾಸ್ಕೊ ಪಕ್ಕೆ ಹಿಡಿದುಕೊಂಡೇ ನಕ್ಕ. ಕಾಂದೆಲಾರಿಯಾ ನಗಲಿಲ್ಲ, ಅವಳ ಕಣ್ಣು ತುಂಬಿತ್ತು, ಅದನ್ನು ಅವಳು ಒರೆಸಿಕೊಳ್ಳಲೂ ಇಲ್ಲ. ನೋಡಿದವರು ನೋಡಲಿ ಎಂದು ಹಾಗೇ ನಿಂತಳು. ಅನ್ಸೊರೇನಾ ಹತ್ತಿರ ಬಂದು, ಆ ಕೂಗನ್ನು ಒಮ್ಮೆ ನಿಧಾನಕ್ಕೆ ಬಿಡಿಸಿ ಹೇಳಿದರೆ ಉತ್ತರದ ಹುಡುಗರಿಗೂ ಬರೆದುಕೊಂಡು ಹೋಗುತ್ತೇನೆ ಎಂದ.

“ಬಿಡಿಸಿದ್ರೆ ಅದು ಇರೋದೇ ಇಲ್ಲ ಮಾರಾಯ್ರೆ” ಎಂದಳು ಅವಳು. “ನಿಮ್ಮ ಹುಡುಗರನ್ನ ಇಲ್ಲಿಗೇ ಕರ್ಕೊಂಡು ಬಂದು ಕೂರ್ಸಿ. ಈ ವರ್ಷ ಆಗ್ಲಿಲ್ಲ ಅಂದ್ರೆ ಬರೋ ವರ್ಷ. ನಾನೆಲ್ಲಿಗೂ ಹೋಗಲ್ಲ.”